ಮಧ್ಯದಿಂದ ಕೇಳಿದ ಪ್ರಶ್ನೆ

ಬೊಂಬಾಯಿಯಿಂದ ಬಂದ ಕಾಗದದಲ್ಲಿ ಇದ್ದದ್ದು ನಾಲ್ಕೇ ವಿಷಯ. ಫಿಸಿಯೋಥೆರಪಿ ಶಾಲೆಗೆ ನಾನು ಹಾಕಿದ್ದ ಅರ್ಜಿ ಮೊದಲ ಸುತ್ತು ದಾಟಿದೆ. ಆಸ್ಪತ್ರೆಗಳಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವವರಿಗೆಂದು ಇಟ್ಟ ಎರಡು ಸೀಟುಗಳಿಗೆ ಜೂನ್ ಕೊನೆಯಲ್ಲಿ ಸಂದರ್ಶನ. ಅಂಗರಚನೆಯ ಬಗ್ಗೆ ಬಾಯಿಪ್ರಶ್ನೆ ಇರುತ್ತದೆ. ಇಪ್ಪತ್ತೈದು ದಾಟಿದವರಿಗೆ ಅವಕಾಶವಿಲ್ಲ. ಆಗಸ್ಟಿನಲ್ಲಿ ನನಗೆ ಇಪ್ಪತ್ತೈದು ತುಂಬುತ್ತಿತ್ತು. ಮೊದಲನೆಯ ಅವಕಾಶವೂ ಅದೇ, ಕೊನೆಯದೂ ಅದೇ. ಕಾಗದ ಮಡಚಿ ಕಿಸೆಗೆ ಹಾಕಿಕೊಂಡಾಗ ಸಂತೋಷವಾಗಬೇಕಿತ್ತು. ಆದದ್ದು ಹೆದರಿಕೆ.

ಹೆದರಿಕೆಗೆ ಇನ್ನೊಂದು ಕಾರಣವೂ ಇತ್ತು. ಆರು ವರ್ಷಗಳಿಂದ ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ, ರೋಗಿಗಳು 'ಕರೆಂಟಿನ ಕೋಣೆ' ಎಂದು ಕರೆಯುತ್ತಿದ್ದ ಕಡೆ ಸಹಾಯಕನಾಗಿದ್ದೆ. ಶಾಖ ಕೊಡುವ ಒಂದು ಕೆಂಪು ದೀಪ, ಮೇಣ ಕರಗಿಸುವ ತೊಟ್ಟಿ, ಸ್ನಾಯುಗಳಿಗೆ ಸಣ್ಣ ವಿದ್ಯುತ್ತು ಹಾಯಿಸುವ ಮರದ ಪೆಟ್ಟಿಗೆಯ ಯಂತ್ರ, ಗೋಡೆಗೆ ಜಡಿದ ರಾಟೆ: ಕೋಣೆಯ ಆಸ್ತಿ ಇಷ್ಟು. ಅದನ್ನು ನಡೆಸುತ್ತಿದ್ದವರು ಐವತ್ತು ದಾಟಿದ ಒಬ್ಬ ನರ್ಸು, ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆತನದವರು. ಅವರನ್ನು ನಾವೆಲ್ಲ ಸಿಸ್ಟರ್ ಎನ್ನುತ್ತಿದ್ದೆವು. ಅವರೂ ಕಲಿತದ್ದು ಮಾಡಿ ಮಾಡಿಯೇ, ನನಗೆ ಕಲಿಸಿದ್ದೂ ಹಾಗೆಯೇ. ಅವರು ಆ ವರ್ಷಾಂತ್ಯಕ್ಕೆ ನಿವೃತ್ತರಾಗುವವರಿದ್ದರು. ಆಡಳಿತದವರ ಮಾತು ಸ್ಪಷ್ಟವಾಗಿತ್ತು. ನನಗೆ ಸೀಟು ಸಿಕ್ಕಿದರೆ, ನಾನು ಕಲಿತು ಬರುವ ತನಕ ಸಿಸ್ಟರನ್ನೇ ಮುಂದುವರಿಸುತ್ತಾರೆ. ಆಮೇಲೆ ಕೋಣೆ ನನ್ನದು. ಸಿಗದಿದ್ದರೆ ಸರ್ಟಿಫಿಕೇಟು ಇರುವವರನ್ನು ಹೊರಗಿನಿಂದ ತರುತ್ತಾರೆ, ಮತ್ತು ಅಂದಿನಿಂದ ಸರ್ಟಿಫಿಕೇಟು ಇಲ್ಲದ ಯಾರೂ ರೋಗಿಯ ಮೈಗೆ ಕೈ ಹಾಕುವಂತಿಲ್ಲ.

ಆ ಕೆಲಸದ ಮೇಲೆ ನನಗೆ ಪ್ರೀತಿ ಇತ್ತು. ಹೇಳಿಕೊಳ್ಳಲು ನಾಚಿಕೆಯಿಲ್ಲ. ನೆಂಟರಿಷ್ಟರು ಅದನ್ನು 'ಊರವರ ಕಾಲು ಒತ್ತುವ ಚಾಕರಿ' ಎನ್ನುತ್ತಿದ್ದರು. ನನ್ನ ತಂದೆ ಊರೊಳಗಿನ ಒಂದು ಸಣ್ಣ ದೇವಸ್ಥಾನದ ಅರ್ಚಕರು. ಜೆಪ್ಪಿನ ನಮ್ಮ ಮನೆಗೆ ನಾನು ಆಸ್ಪತ್ರೆಯಿಂದ ಬಂದರೆ ಹಿತ್ತಿಲ ಬಾವಿಕಟ್ಟೆಯಲ್ಲಿ ಮಿಂದೇ ಒಳಗೆ ಹೋಗಬೇಕು. ಮೀಯದೆ ಅಪ್ಪಯ್ಯನನ್ನು ಮುಟ್ಟಿದ್ದು ನನಗೆ ನೆನಪಿಲ್ಲ. ಆದರೂ ಅಪ್ಪಯ್ಯ ನನ್ನ ಕೆಲಸವನ್ನು ಒಮ್ಮೆಯೂ ಹೀಗಳೆಯಲಿಲ್ಲ. ಅರ್ಥವಾಗದ ವಿಷಯದ ಬಗ್ಗೆ ಬಾಯಿ ಬಿಡುವವರಲ್ಲ ಅವರು.

ಸಿಸ್ಟರ್ ತಮ್ಮ ಕಪಾಟಿನಿಂದ ಅಂಗರಚನೆಯ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತೆಗೆದುಕೊಟ್ಟರು. ಬೆನ್ನು ಕಿತ್ತುಹೋದಲ್ಲಿ ಗಾಯಕ್ಕೆ ಅಂಟಿಸುವ ಪ್ಲಾಸ್ಟರನ್ನೇ ಅಂಟಿಸಿದ್ದರು. ಇನ್ನು ಓದುವುದು ಹೇಗೆ? ನನಗೆ ಗೊತ್ತಿದ್ದ ವಿದ್ಯೆ ಒಂದೇ. ಏಳನೆಯ ವಯಸ್ಸಿನಿಂದ ಬೆಳಗಿನ ಜಾವ ಅಪ್ಪಯ್ಯನ ಎದುರು ಕುಳಿತು ಮಂತ್ರ ಕಲಿತ ಕ್ರಮ. ಪ್ರತಿ ಸ್ನಾಯುವಿಗೂ ಐದು ಸಂಗತಿ: ಹೆಸರು, ಹುಟ್ಟುವ ಎಲುಬು, ಸೇರುವ ಎಲುಬು, ಅದನ್ನು ನಡೆಸುವ ನರ, ಅದು ಮಾಡುವ ಕೆಲಸ. ಈ ಐದನ್ನು ಒಂದು ಉಸಿರಿಗೆ ಹೊಂದಿಸಿದೆ. ಒಂದು ನರದ ಪಾಲಿಗೆ ಬರುವ ಸ್ನಾಯುಗಳನ್ನೆಲ್ಲ ವೇದಪಾಠದ ಒಂದು ಅನುವಾಕದಂತೆ ಕಟ್ಟಿದೆ. ದೇವಸ್ಥಾನದಲ್ಲಿ ಗಂಧ ತೇಯುತ್ತಾ, ಬಾವಿಯಿಂದ ನೀರು ಸೇದುತ್ತಾ, ಕೈ ಅದರ ಪಾಡಿಗೆ ಕೆಲಸ ಮಾಡುತ್ತಿದ್ದರೆ ಬಾಯಿ ಲ್ಯಾಟಿನ್ ಹೆಸರುಗಳನ್ನು ಏರಿಳಿಸಿ ಹೇಳುತ್ತಿತ್ತು.

ಒಂದು ಬೆಳಿಗ್ಗೆ ಅಪ್ಪಯ್ಯ ಹೂ ಕೊಯ್ದುಕೊಂಡು ಬಂದವರು ನಿಂತು ಕೇಳಿದರು. ಮನೆಯಲ್ಲಿ ನಮ್ಮದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇದು ಎಂತ ಮಗಾ? ಯಾವ ಶಾಖೆಯದ್ದು?"

"ಮಂತ್ರ ಅಲ್ಲ ಅಪ್ಪಯ್ಯ. ತೋಳಿನ ಮಾಂಸಖಂಡಗಳು. ಬೊಂಬಾಯಿಯಲ್ಲಿ ಕೇಳ್ತಾರೆ."

ಅವರು ಬುಟ್ಟಿ ಕೆಳಗಿಟ್ಟು ಮೊದಲಿನಿಂದ ಹೇಳಿಸಿದರು. ಒಂದಕ್ಷರವೂ ತಿಳಿಯದಿದ್ದರೂ ತಲೆಯಾಡಿಸುತ್ತಾ ಪೂರಾ ಕೇಳಿದರು.

"ಉಸಿರು ನೀನು ತಪ್ಪು ಕಡೆ ಬಿಡ್ತಿ. ಹೆಸರಿನ ಮೇಲೆ ನಿಲ್ಲಬಾರ್ದು, ಕೆಲಸದ ಮೇಲೆ ನಿಲ್ಲು. ಮತ್ತೆ ಒಂದು ನೆನಪಿಟ್ಟುಕೋ. ನಡುವಿನಲ್ಲಿ ಕಡಿದ್ರೆ ಕಡಿದಲ್ಲಿಂದ ಹಿಡೀಲಿಕ್ಕಿಲ್ಲ. ಮೊದಲಿನಿಂದ ಬಾ. ಆಗ ಯಾವುದೂ ಬಿಟ್ಟುಹೋಗುದಿಲ್ಲ."

ಮಗನ ಹೊಸ ವಿದ್ಯೆಯಲ್ಲಿ ತನಗೂ ಕಲಿಸಲು ಏನೋ ಉಂಟು ಎಂಬ ಖುಷಿ ಅವರ ಮುಖದಲ್ಲಿತ್ತು. ಆಮೇಲೆ ದಿನಾ ಬೆಳಿಗ್ಗೆ ಅರ್ಧ ಗಂಟೆ ಒಪ್ಪಿಸಿಕೊಂಡರು. ಎಡವಿದರೆ ಬೆರಳು ಎತ್ತುವರು, ನಾನು ಮೊದಲಿಗೆ ಹೋಗುವೆ. ಮೇ ತಿಂಗಳು ಮುಗಿಯುವ ಹೊತ್ತಿಗೆ ತೋಳು, ಮುಂಗೈ, ಸೊಂಟ, ಕಾಲು ಎಲ್ಲ ಬಾಯಲ್ಲಿತ್ತು. ನಿದ್ದೆಯಿಂದ ಎಬ್ಬಿಸಿದರೂ ಹೇಳುವೆನೆಂಬ ಗರ್ವವೂ ಬಂದಿತ್ತು.

ಬೊಂಬಾಯಿಗೆ ಒಯ್ಯಲು ಆಸ್ಪತ್ರೆಯ ಸರ್ಜನರ ಶಿಫಾರಸು ಪತ್ರ ಬೇಕಿತ್ತು. ಜೂನ್ ಮೊದಲ ವಾರ, ಒಂದು ಮಧ್ಯಾಹ್ನ ಅವರೇ ಕೋಣೆಗೆ ಬಂದರು. ಮೇಜಿನ ಎದುರು ಹಂಚಿನ ಕಾರ್ಖಾನೆಯ ಒಬ್ಬ ಹೆಂಗಸು ಕುಳಿತಿದ್ದಳು. ಮಾರ್ಚಿನಲ್ಲಿ ಹಂಚು ಹೊತ್ತು ಬಿದ್ದು ಬಲತೋಳಿನ ಎಲುಬು ನಡುವಿನಲ್ಲಿ ಮುರಿದಿತ್ತು. ಎಲುಬು ಕೂಡಿಕೊಂಡಿತ್ತು, ಆದರೆ ಎಲುಬಿಗೆ ಸುತ್ತಿಕೊಂಡು ಹೋಗುವ ನರ ಪೆಟ್ಟಾಗಿ ಅಂಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದಿತ್ತು. ಎತ್ತು ಎಂದರೆ ಅವಳು ತೋಳನ್ನೇ ಎತ್ತುವಳು, ಕೈ ಎತ್ತಲು ಬಾರದು. ನಮ್ಮ ದೇವಸ್ಥಾನಕ್ಕೆ ಬಂದರೆ ಹೊರಗಿನ ಅಂಗಳದಲ್ಲೇ ನಿಂತು ಕೈಮುಗಿದು ಹೋಗುವ ಮನೆತನದವಳು. ನಮ್ಮ ಕೋಣೆಯಲ್ಲಿ ಎರಡು ತಿಂಗಳಿಂದ ಆ ಕೈಯನ್ನು ನಾನೇ ಮೇಣದಲ್ಲಿ ಅದ್ದಿ, ಒರಸಿ, ಪಟ್ಟಿ ಕಟ್ಟುತ್ತಿದ್ದೆ.

ಡಾಕ್ಟರು ಅವಳ ಕೈ ತೋರಿಸಿ ಕೇಳಿದರು: "ಇವಳ ನರ ವಾಪಸ್ ಬರ್ತಾ ಉಂಟಂತ ಇಟ್ಟುಕೊ. ಮೊದಲು ಏಳುವ ಮಾಂಸ ಯಾವುದು? ಎಲ್ಲಿ ಮುಟ್ಟಿ ನೋಡ್ತಿ?"

ಉತ್ತರ ನನಗೆ ಗೊತ್ತಿತ್ತು. ನನ್ನ ಅನುವಾಕದಲ್ಲಿ ಅದು ಮೂರನೆಯದು. ಮೂರನೆಯದಕ್ಕೆ ತಲುಪಬೇಕಾದರೆ ಒಂದನೆಯದು, ಎರಡನೆಯದು ಹೇಳಬೇಕಷ್ಟೆ. ಶುರು ಮಾಡಿದೆ.

"ಅದಲ್ಲ ಕೇಳಿದ್ದು" ಎಂದು ಡಾಕ್ಟರು ತಡೆದರು.

ಕಡಿಯಿತು. ನಾನು ಮೊದಲಿನಿಂದ ಹಿಡಿದೆ, ಅದೇ ರಾಗದಲ್ಲಿ. ಆ ಹೆಂಗಸು ನನ್ನ ಮುಖವನ್ನೇ ನೋಡುತ್ತಿದ್ದವಳು ತನ್ನ ಎಡಗೈಯಿಂದ ಜೋತ ಬಲಗೈಯನ್ನು ಎತ್ತಿ ಹಿಡಿದು, ಎರಡನ್ನೂ ಜೋಡಿಸಿ, ಕಣ್ಣು ಮುಚ್ಚಿಕೊಂಡಳು. ಭಟ್ರು ತನ್ನ ಕೈಗೆ ಮಂತ್ರ ಹಾಕುತ್ತಿದ್ದಾರೆ ಎಂದು ತಿಳಿದಿದ್ದಳು.

ಡಾಕ್ಟರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ಇವನು ಗ್ರಾಮಫೋನ್ ಪ್ಲೇಟು, ಸಿಸ್ಟರ್. ಬೊಂಬಾಯಿಯವರಿಗೆ ಪ್ಲೇಟು ಬೇಡ. ಪತ್ರ ಈಗ ಕೊಡ್ಲಿಕ್ಕಾಗುದಿಲ್ಲ, ಹತ್ತು ದಿನ ಬಿಟ್ಟು ನೋಡುವ" ಎಂದು ಹೊರಟುಹೋದರು.

ಪುಸ್ತಕದ ಬದನೆಕಾಯಿ ಎಂದರೆ ಏನೆಂದು ಆವತ್ತು ತಿಳಿಯಿತು. ಎರಡು ತಿಂಗಳು ಆ ಮುಂಗೈಯನ್ನು ಹಿಡಿದಿದ್ದೇನೆ. ಅದರೊಳಗೆ ಆ ಸ್ನಾಯು ಎಲ್ಲಿ ಹೋಗುತ್ತದೆಂದು ಒಮ್ಮೆಯೂ ಬೆರಳಿಟ್ಟು ಹುಡುಕಿರಲಿಲ್ಲ. ಆ ಭಾನುವಾರ ಕಂಕನಾಡಿಯ ಹತ್ತಿರದ ಸಿಸ್ಟರ ಮನೆಗೆ ಹೋಗಿ, ನಾನು ಹೋಗುವುದಿಲ್ಲ, ನನ್ನಿಂದ ಆಗದು ಎಂದುಬಿಟ್ಟೆ. ಅವರು ಮೀನು ಹೆಚ್ಚುತ್ತಿದ್ದರು. ನನ್ನನ್ನು ಕಂಡು ಮಣೆಯನ್ನು ಅತ್ತ ಸರಿಸಿ, ಕೈ ತೊಳೆದು ಬಂದರು.

"ಎಂತ ಭಟ್ರೇ, ಅಳ್ತೀರಾ? ಪುಸ್ತಕ ಎಲ್ಲಿ?"

ಚೀಲದಲ್ಲಿತ್ತು. ಕೊಟ್ಟೆ.

"ಇದು ಇನ್ನು ನಿಮಗೆ ಕೊಡುದಿಲ್ಲ. ಪರೀಕ್ಷೆ ಮುಗಿಯುವವರೆಗೆ ಇದು ನನ್ನ ಹತ್ರವೇ ಇರ್ಲಿ. ನಾಳೆಯಿಂದ ಬಾಯಿ ಮುಚ್ಚಿ. ಕೋಣೆಗೆ ಬಂದವರ ಕೈ ಕಾಲು ಮುಟ್ಟಿ ಹುಡುಕಿ. ಸಿಕ್ಕಿದ ಮೇಲೆ ಮಾತ್ರ ಹೆಸರು ಹೇಳಿ, ಒಂದೇ ಒಂದು ಹೆಸರು."

ಪುಸ್ತಕ ಬಿಟ್ಟು ಬರುವುದು ನನಗೆ ಸುಲಭವಾಗಿರಲಿಲ್ಲ. ಇನ್ನು ಹದಿನಾರು ದಿನ ಉಳಿದಿತ್ತು. ಆದರೆ ಬೇರೆ ದಾರಿಯೂ ಇರಲಿಲ್ಲ, ಒಪ್ಪಿಕೊಂಡೆ.

ಮರುದಿನದಿಂದ ಹಂಚಿನ ಕಾರ್ಖಾನೆಯ ಹೆಂಗಸಿನ ಒಳ್ಳೆಯ ಕೈಯಿಂದ ಶುರು ಮಾಡಿದೆ. ಹೆಬ್ಬೆರಳು ಮೇಲಾಗಿ ಮುಂಗೈಯನ್ನು ಮೇಜಿನ ಮೇಲೆ ಇಟ್ಟು, ಮಣಿಕಟ್ಟನ್ನು ಒತ್ತಿ ಹಿಡಿದು, ಮೊಣಕೈ ಬಗ್ಗಿಸು ಎಂದರೆ, ಹೊರಮಗ್ಗುಲಲ್ಲಿ ಒಂದು ಪಟ್ಟಿ ಎದ್ದು ನಿಲ್ಲುತ್ತದೆ. ಡಾಕ್ಟರು ಕೇಳಿದ್ದ ಮೂರನೆಯ ಸ್ನಾಯು ಅದೇ. ಬೆರಳಿನ ಅಡಿಯಲ್ಲಿ ಅದು ಗಟ್ಟಿಯಾಗುವುದನ್ನು ಹತ್ತು ಸಲ, ಇಪ್ಪತ್ತು ಸಲ ಹಿಡಿದು ನೋಡಿದೆ. ಆಮೇಲೆ ಕೆಟ್ಟ ಕೈ. ಅಲ್ಲಿ ಮೋಸಹೋಗುವುದು ಸುಲಭ. ಮೊಣಕೈ ಬಗ್ಗಿತೆಂದು ಆ ಸ್ನಾಯು ಎದ್ದಿತೆಂದಲ್ಲ; ಬೇರೆ ನರದ ಸ್ನಾಯುಗಳು ಅದರ ಕೆಲಸವನ್ನು ತಾವೇ ಮಾಡಿಮುಗಿಸುತ್ತವೆ. ಕಣ್ಣನ್ನು ನಂಬುವಂತಿಲ್ಲ, ಬೆರಳನ್ನೇ ನಂಬಬೇಕು. ಒಂದು ವಾರ ಆ ಜಾಗದಲ್ಲಿ ಏನೂ ಇರಲಿಲ್ಲ, ಹಿಟ್ಟಿನ ಮುದ್ದೆ ಮುಟ್ಟಿದಂತೆ.

ಮನೆಯಲ್ಲಿ ಮುಟ್ಟಲು ಯಾರಿದ್ದರು? ಮೂರು ದಿನ ಯೋಚಿಸಿ ಅಪ್ಪಯ್ಯನನ್ನು ಕೇಳಿದೆ. ಒಪ್ಪಿಸುವ ಪಾಠ ಯಾಕೆ ನಿಂತಿತೆಂದು ಅವರು ವಿಚಾರಿಸಿರಲಿಲ್ಲ, ನಾನೂ ಹೇಳಿರಲಿಲ್ಲ. "ಸಂಜೆ ಪೂಜೆಗೆ ಹೋಗುವ ಮೊದಲು ಬಾ. ಹೇಗೂ ನನಗೆ ಮೀಯ್ಲಿಕ್ಕೆ ಉಂಟಲ್ಲ" ಎಂದರು.

ಹಾಗೆ ದಿನಾ ಸಂಜೆ ಬಾವಿಕಟ್ಟೆಯ ಮೇಲೆ ಅಪ್ಪಯ್ಯ ಬರಿಮೈಯಲ್ಲಿ ಕುಳಿತುಕೊಳ್ಳುವರು, ನಾನು ಆಸ್ಪತ್ರೆಯ ಅಂಗಿಯಲ್ಲೇ ಅವರ ಭುಜ, ತೋಳು, ಕಣಕಾಲು ಹಿಡಿದು ಹುಡುಕುವೆ. ಪಾದವನ್ನು ಮೇಲೆತ್ತಿ ಎಂದರೆ ಮೊಣಕಾಲ ಕೆಳಗೆ, ಮುಂದಿನ ಎಲುಬಿನ ಹೊರಮಗ್ಗುಲಲ್ಲಿ ಹಗ್ಗದಂತೆ ಬಿಗಿಯುವುದನ್ನು ನಾನು ಮೊದಲು ಕಂಡದ್ದು ಆ ಮುದಿ ಕಾಲಿನಲ್ಲಿ. ಅವರ ತೋಳು ಕಿವಿಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ.

"ಆರತಿ ಎತ್ತುವಾಗ ನೋಯ್ತದಾ ಅಪ್ಪಯ್ಯ?"

"ಐದಾರು ವರ್ಷ ಆಯ್ತು."

"ಹೇಳ್ಲಿಲ್ಲ ನೀವು."

"ನೀನು ಕೇಳ್ಲಿಲ್ಲ" ಎಂದರು ನಗುತ್ತಾ.

ಊರವರ ಕೀಲುಗಳನ್ನೆಲ್ಲ ಸಡಿಲಿಸುವವನು ತನ್ನ ತಂದೆಯ ಭುಜ ಬಿಗಿದದ್ದನ್ನು ಕಂಡಿರಲಿಲ್ಲ. ಅಳು ಬಂತು, ಬಾವಿಯೊಳಗೆ ನೋಡುವ ಹಾಗೆ ಮಾಡಿ ಮುಖ ತಿರುಗಿಸಿದೆ. ಅವತ್ತಿನಿಂದ ಅವರ ಭುಜವನ್ನು ಕಾಲು ಗಂಟೆ ಮೆಲ್ಲನೆ ಅಲ್ಲಾಡಿಸಿ ಕೊಟ್ಟೆ. ನನ್ನ ಆ ಹದಿನಾರು ದಿನಗಳಲ್ಲಿ ಒಳ್ಳೆಯದೆಂದು ನೆನಪಿರುವುದು ಅದೊಂದು.

ಇನ್ನೊಂದೂ ಉಂಟು. ಒಂಬತ್ತನೆಯ ದಿನವೋ ಹತ್ತನೆಯ ದಿನವೋ, ಆ ಹೆಂಗಸಿನ ಕೆಟ್ಟ ಕೈ ಹಿಡಿದು ಮೊಣಕೈ ಬಗ್ಗಿಸು ಎಂದಾಗ, ಬೆರಳಿನ ಕೆಳಗೆ ಏನೋ ಮಿಸುಕಿತು. ಹೊರಗೆ ಏನೂ ಕಾಣಿಸಲಿಲ್ಲ. ಇನ್ನೊಮ್ಮೆ ಮಾಡಿಸಿದೆ. ಇನ್ನೊಮ್ಮೆ ಮಿಸುಕಿತು. ಸಿಸ್ಟರನ್ನು ಕರೆದೆ, ಅವರು ಬೆರಳಿಟ್ಟು, ಕಣ್ಣು ಮುಚ್ಚಿ, "ಉಂಟು" ಎಂದರು. ಡಾಕ್ಟರನ್ನು ಕರೆಸಿದರು. ಡಾಕ್ಟರಿಗೆ ಮೊದಲು ಸಿಗಲಿಲ್ಲ. ನಾನೇ ಅವರ ಬೆರಳನ್ನು ಹಿಡಿದು ಅರ್ಧ ಅಂಗುಲ ಆಚೆ ಇಟ್ಟೆ, ಎಲ್ಲಿಂದ ಬಂತೋ ಆ ಧೈರ್ಯ. ಅವರು ನನ್ನ ಮುಖ ನೋಡಿದರು. ಆ ಸಂಜೆಯೇ ಶಿಫಾರಸು ಪತ್ರ ಬರೆದುಕೊಟ್ಟರು. "ಮೂರು ತಿಂಗಳಲ್ಲಿ ಕೈ ಎತ್ತುತ್ತಿ ನೀನು" ಎಂದು ಆ ಹೆಂಗಸಿಗೆ ಹೇಳಿದಾಗ ಅವಳು ನನ್ನ ಬೆರಳುಗಳನ್ನೇ ನೋಡುತ್ತಾ ಕುಳಿತಿದ್ದಳು.

ಮಳೆಗಾಲವಾದ್ದರಿಂದ ಹಡಗು ಇರಲಿಲ್ಲ. ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ರೈಲು ಹಿಡಿದು, ಪುಣೆಯಲ್ಲಿ ಗಾಡಿ ಬದಲಾಯಿಸಿ ಬೊಂಬಾಯಿ ತಲುಪಿದೆ. ದಾರಿಯುದ್ದಕ್ಕೂ ಬಾಯಿ ತೆರೆಯದಿರಲು ಪ್ರಯತ್ನಿಸಿದೆ. ರೈಲಿನಲ್ಲಿ ನನ್ನದೇ ಕಣಕಾಲಿನ ಮೇಲೆ ಕೈ ಇಟ್ಟುಕೊಂಡು ಪಾದ ಎತ್ತಿ ಇಳಿಸಿ ನೋಡುತ್ತಿದ್ದೆ. ಎದುರಿನ ಮುದುಕ ನನಗೆ ವಾತವೆಂದು ತಿಳಿದು ಬೆಳ್ಳುಳ್ಳಿ ತಿನ್ನಲು ಹೇಳಿದ.

ಸಂದರ್ಶನದ ಕೋಣೆಯಲ್ಲಿ ಉದ್ದನೆಯ ಮೇಜು. ಅದರಾಚೆ ಮೂವರು, ನಡುವೆ ಕುಳಿತವರು ಬಿಳಿ ಕೋಟಿನ ಒಬ್ಬ ಹಿರಿಯ ಹೆಂಗಸು. ನಾನು ಎಣಿಸಿದ್ದ ಹಾಗಲ್ಲ; ಅಲ್ಲಿ ಮಂಚವಿರಲಿಲ್ಲ, ರೋಗಿ ಇರಲಿಲ್ಲ, ಮುಟ್ಟಲು ಯಾರೂ ಇರಲಿಲ್ಲ. ಬರೀ ಮಾತು. ಊರು, ವಿದ್ಯೆ, ಕೆಲಸದ ಬಗ್ಗೆ ಕೇಳಿದ್ದಕ್ಕೆ ನನ್ನ ಹರಕು ಇಂಗ್ಲಿಷಿನಲ್ಲಿ ಹೇಗೋ ಹೇಳಿದೆ. ಆಮೇಲೆ ಆ ಹಿರಿಯ ಹೆಂಗಸು ಮೃದುವಾಗಿಯೇ ಕೇಳಿದರು: ಒಬ್ಬ ರೋಗಿ ಪಾದ ಎತ್ತಲಾಗದೆ ಎಳೆದುಕೊಂಡು ನಡೆಯುತ್ತಾನೆ; ಯಾವ ಸ್ನಾಯುವನ್ನು ಪರೀಕ್ಷಿಸುತ್ತೀರಿ, ಎಲ್ಲಿ?

ಬಾಯಿ ತೆರೆದೆ. ಬಂದದ್ದು ಸೊಂಟ. ಕಾಲಿನ ಪಾಠ ಸೊಂಟದಿಂದ ಶುರುವಾಗುತ್ತಿತ್ತಲ್ಲ. ಹೆಸರು, ಹುಟ್ಟುವ ಎಲುಬು, ಸೇರುವ ಎಲುಬು. ನಾನು ಬೇಡವೆಂದರೂ ನಾಲಿಗೆ ಕೇಳಲಿಲ್ಲ. ಬಲಗಡೆಯವರು "ಕೇಳಿದ್ದು ಪಾದದ ವಿಷಯ" ಎಂದರು. ಕಡಿಯಿತು, ನಾನು ಪುನಃ ಸೊಂಟದಿಂದ ಬಂದೆ. ಅವರು ಪುನಃ ತಡೆದರು. ಮೂರನೆಯ ಸಲ ಸೊಂಟದ ಹೆಸರು ಬಾಯಿಂದ ಹೊರಟಾಗ ಎಡಗಡೆಯವರು ಪೆನ್ನಿನ ಮುಚ್ಚಳ ಹಾಕಿದರು. ಆ ಸದ್ದು ನನಗೆ ಕೇಳಿಸಿತು. ಹಿರಿಯ ಹೆಂಗಸು "ಸಾಕು, ಧನ್ಯವಾದ" ಎಂದರು.

ಹೊರಗಿನ ಬೆಂಚಿನ ಮೇಲೆ ಕುಳಿತ ಮೇಲೆ ನೆನಪಾಯಿತು: ನನ್ನ ಕಾಲು ಮೇಜಿನ ಕೆಳಗೇ ಇತ್ತು. ಪ್ಯಾಂಟನ್ನು ಮೊಣಕಾಲಿನವರೆಗೆ ಮೇಲೆ ಸರಿಸಿ, ಎಲುಬಿನ ಹೊರಮಗ್ಗುಲಿಗೆ ಬೆರಳಿಟ್ಟು, 'ಇಲ್ಲಿ' ಎಂದಿದ್ದರೆ ಮುಗಿಯುತ್ತಿತ್ತು. ಆ ಒಂದು ಮಾತಿಗಾಗಿ ನಾನು ಅಷ್ಟು ದೂರ ಹೋಗಿದ್ದೆ. ನನ್ನ ಮೇಲೆ ನನಗೆ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ಮನೆಗೆ ಬಂದ ದಿನ ಅಪ್ಪಯ್ಯ ಬಾವಿಕಟ್ಟೆಯಲ್ಲಿದ್ದರು. "ನಡುವಿನಲ್ಲಿ ಕಡಿಯಿತಾ?" ಎಂದು ಕೇಳಿದರು.

"ಇಲ್ಲ ಅಪ್ಪಯ್ಯ. ಎಲ್ಲ ಸರಿಯಾಗಿ ಬಂತು. ಸೀಟು ಮಾತ್ರ ಎರಡೇ ಉಂಟಲ್ಲ, ನೋಡುವ."

ಅವರು ಸಾಯುವವರೆಗೂ ನಾನು ಬೇರೆ ಹೇಳಲಿಲ್ಲ. ಜುಲೈಯಲ್ಲಿ ಬೊಂಬಾಯಿಯಿಂದ ವಿಷಾದದ ಕಾಗದ ಬಂದಾಗಲೂ, ವಶೀಲಿ ಇದ್ದವರಿಗೆ ಕೊಟ್ಟಿರಬೇಕು ಎಂದು ಅವರೇ ನನಗೆ ಸಮಾಧಾನ ಹೇಳಿದರು. ನಾನು ಹೂಂ ಎಂದೆ. ಯಾರಿಗೂ ವಶೀಲಿ ಇರಲಿಲ್ಲ, ಅದು ನನಗೆ ಗೊತ್ತಿತ್ತು. ಕೈಗೆ ಬಂದ ತುತ್ತನ್ನು ಬಾಯಿಗೆ ಹಾಕಿಕೊಳ್ಳಲು ತಿಳಿಯದವನು ನಾನೇ.

ವರ್ಷಾಂತ್ಯಕ್ಕೆ ಸಿಸ್ಟರ್ ಹೋದರು. ಜನವರಿಯಲ್ಲಿ ಸರ್ಟಿಫಿಕೇಟು ಇರುವ ಒಬ್ಬ ಹುಡುಗಿ ಬಂದಳು, ಇಪ್ಪತ್ತೆರಡು ವರ್ಷದವಳು. ತುಳುವೂ ಬಾರದು, ಕನ್ನಡವೂ ಬಾರದು. ರೋಗಿಗಳಿಗೆ ಅವಳ ಮಾತನ್ನು ತಿಳಿಸಿ ಹೇಳುವುದು ನನ್ನ ಕೆಲಸವಾಯಿತು. ಅವಳ ಬಗ್ಗೆ ಕೆಟ್ಟದ್ದು ಹೇಳಲು ನನ್ನಲ್ಲಿ ಏನೂ ಇಲ್ಲ. ಅದೇ ಕಷ್ಟ. ಮೊದಲ ದಿನ ಹಂಚಿನ ಕಾರ್ಖಾನೆಯ ಹೆಂಗಸು ಬಂದಳು. ಆ ಹೊತ್ತಿಗೆ ಮಣಿಕಟ್ಟು ಎತ್ತುತ್ತಿದ್ದಳು, ಬೆರಳುಗಳು ಮಾತ್ರ ಬಾಕಿ. ಹುಡುಗಿಯ ಬೆರಳು ಹುಡುಕದೆ, ತಡವರಿಸದೆ, ನೇರ ಸರಿಯಾದ ಜಾಗಕ್ಕೆ ಹೋಯಿತು. ಅದು ಸರಿಯಾದ ಜಾಗವೆಂದು ಆ ಕೋಣೆಯಲ್ಲಿ ಅವಳನ್ನು ಬಿಟ್ಟರೆ ನನಗೊಬ್ಬನಿಗೇ ಗೊತ್ತಿತ್ತು.

ಆ ಹೆಂಗಸಿಗೆ ಹೊಸ ಕೈ ಒಗ್ಗಲಿಲ್ಲ. ಹುಡುಗಿಯ ಹಿಡಿತದಿಂದ ಮೆಲ್ಲನೆ ಬಿಡಿಸಿಕೊಂಡು, ತೋಳನ್ನು ನನ್ನ ಎದುರು ಚಾಚಿ, "ನೀವೇ ಹಿಡೀರಿ ಭಟ್ರೇ. ನಿಮಗೆ ಅಭ್ಯಾಸ ಉಂಟಲ್ಲ" ಎಂದಳು.

ನಾನು ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ಆ ಹೆಂಗಸು ತಾನು ಚಾಚಿದ ತೋಳನ್ನೂ, ನಾನು ಬಿಟ್ಟ ಆ ಎರಡು ಹೆಜ್ಜೆ ಜಾಗವನ್ನೂ ನೋಡಿದಳು. ಮರುಕ್ಷಣ ಸೆರಗಿನಿಂದ ತೋಳು ಮುಚ್ಚಿಕೊಂಡು ಬೆಂಚಿನ ತುದಿಗೆ ಸರಿದು ಕುಳಿತಳು. ಹಾಗೆ ಸರಿಯಲು ಅವಳಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ.

"ಅಯ್ಯೋ ಅಕ್ಕ, ಹಾಗಲ್ಲ. ಆಸ್ಪತ್ರೆಯ ನಿಯಮ. ಸರ್ಟಿಫಿಕೇಟು ಬೇಕಂತೆ ಮುಟ್ಲಿಕ್ಕೆ. ನನ್ನ ಹತ್ರ ಇಲ್ಲ."

"ಹೌದು ಭಟ್ರೇ" ಎಂದಳು ತಗ್ಗಿದ ದನಿಯಲ್ಲಿ, ದೊಡ್ಡವರು ಹೇಳಿದ್ದಕ್ಕೆಲ್ಲ ಹೌದೆನ್ನುವ ಹಾಗೆ.

ಆಮೇಲೆ ಎರಡು ತಿಂಗಳು ಬಂದಳು. ನಾನು ಮೇಣದ ತೊಟ್ಟಿ ತಂದಿಟ್ಟರೆ, ನಾನು ದೂರ ಹೋಗುವವರೆಗೆ ಕಾದು ಕೈ ಅದ್ದುತ್ತಿದ್ದಳು. ಬೆರಳುಗಳು ಪೂರ್ತಿ ಬಂದವು ಎಂದು ಹುಡುಗಿ ಹೇಳಿ ತಿಳಿಯಿತು.